ಪೊಟ್ಟಣದ ಮೇಲೆ ಯಾವ ಮರದ ಚಕ್ಕೆ ಎಂದು ಬರೆಯಲಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ವಾರದ ಪುರವಣಿಯ ಆರೋಗ್ಯ ಪುಟದಲ್ಲಿ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ದಾಲ್ಚಿನ್ನಿ ಪುಡಿಯನ್ನು ಬಿಸಿನೀರಿಗೆ ಹಾಕಿ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂದು ಬರೆದಿದ್ದೀರಿ. ಯಾವ ದಾಲ್ಚಿನ್ನಿ ಎಂದು ಬರೆದಿಲ್ಲ. ಎಷ್ಟು ದಿನ ಕುಡಿಯಬೇಕು ಎಂದೂ ಇಲ್ಲ. ನಾನು ಸಾಗರದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡವನು. ಅಪ್ಪನ ಕಾಲದಿಂದ ಇದೇ ವ್ಯಾಪಾರ. ಆ ಪುರವಣಿ ಬಂದ ಮೇಲೆ ಚಕ್ಕೆ ಪುಡಿ ಕೇಳಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ವ್ಯಾಪಾರಿ ಆದವನು ಖುಷಿಪಡಬೇಕು, ಅಲ್ವಾ? ಆದರೆ ಅವರೆಲ್ಲ ಕೇಳುವುದು ಒಂದು, ನನ್ನ ಹತ್ತಿರ ಇರುವುದು ಇನ್ನೊಂದು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದೀತು, ಕತ್ತರಿ ಹಾಕದೆ ಪ್ರಕಟಿಸಬೇಕು ಎಂದು ಕೋರುತ್ತೇನೆ.

ಪಲಾವಿಗೆ, ವಾಂಗೀಬಾತ್ ಪುಡಿಗೆ, ಮಟನ್ ಸಾರಿಗೆ ಅಂತ ಜನ ನನ್ನ ಅಂಗಡಿಯಿಂದ ಒಯ್ಯುವ ಚಕ್ಕೆ ನಮ್ಮ ಮಲೆನಾಡಿನ ಮರದ್ದಲ್ಲ. ಸಿಲೋನಿನದೂ, ಅಂದರೆ ಶ್ರೀಲಂಕಾದ್ದೂ, ಅಲ್ಲ. ಹೆಚ್ಚಿನದು ಬರುವುದು ವಿಯೆಟ್ನಾಂನಿಂದ. ಚೀನಾ, ಇಂಡೊನೇಷ್ಯಾದ ಮಾಲೂ ಬರುತ್ತದೆ. ಹಡಗಿನಲ್ಲಿ ಬಂದ ರಟ್ಟಿನ ಪೆಟ್ಟಿಯ ಮೇಲೆ ಕ್ಯಾಸಿಯಾ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಸುಂಕದವರಿಗೆ ಕೊಡುವ ಕಾಗದದಲ್ಲೂ ಹಾಗೇ ಇರುತ್ತದೆ. ಆ ಪೆಟ್ಟಿ ಹೋಲ್‌ಸೇಲ್ ಮಳಿಗೆಯಲ್ಲಿ ಒಡೆದು, ಐವತ್ತು ಗ್ರಾಂ, ನೂರು ಗ್ರಾಂ ಪೊಟ್ಟಣವಾಗುವ ಹೊತ್ತಿಗೆ ಕ್ಯಾಸಿಯಾ ಎಂಬ ಹೆಸರು ಹೋಗಿ ಬರೀ ದಾಲ್ಚಿನ್ನಿ ಆಗಿರುತ್ತದೆ. ಗಿರಾಕಿ ಓದುವುದು ಪೊಟ್ಟಣ, ಪೆಟ್ಟಿಯನ್ನಲ್ಲ.

ಎರಡೂ ಸಿನ್ನಮೋಮಮ್ ಕುಲದ ಮರಗಳೇ. ಸಿಲೋನಿನದು ಸಿನ್ನಮೋಮಮ್ ವೇರಮ್. ಚೀನಾ, ವಿಯೆಟ್ನಾಂ, ಇಂಡೊನೇಷ್ಯಾದ ಮರಗಳು ಅದರ ದಾಯಾದಿಗಳು. ಅವುಗಳಲ್ಲೂ ಒಂದೆರಡು ಬೇರೆ ಬೇರೆ ಜಾತಿಗಳಿವೆ, ಆದರೆ ವ್ಯಾಪಾರದಲ್ಲಿ ಎಲ್ಲಕ್ಕೂ ಕ್ಯಾಸಿಯಾ ಎಂದೇ ಹೆಸರು. ಒಡೆಯದ ಚಕ್ಕೆಯಾದರೆ ಗುರುತಿಸುವುದು ಕಷ್ಟವೇನಲ್ಲ. ಸಿಲೋನ್ ಚಕ್ಕೆ ಹಿಡಿದು ನೋಡಿ. ಕಾಗದದಷ್ಟು ತೆಳುವಾದ ಪದರಗಳು ಒಂದರೊಳಗೊಂದು ಸುತ್ತಿಕೊಂಡಿರುತ್ತವೆ. ಬಣ್ಣ ತಿಳಿ ಕಂದು. ಹೆಬ್ಬೆರಳಿನಲ್ಲಿ ಅದುಮಿದರೆ ಪುಡಿಪುಡಿ. ಬಾಯಿಗೆ ಹಾಕಿಕೊಂಡರೆ ಸಿಹಿ ಮುಂದೆ, ಖಾರ ಹಿಂದೆ. ಕ್ಯಾಸಿಯಾ ಹಾಗಲ್ಲ. ದಪ್ಪನೆಯ ಒಂದೇ ಪದರ, ಎರಡು ಅಂಚೂ ಒಳಕ್ಕೆ ಮಡಚಿರುತ್ತವೆ. ಬಣ್ಣ ಕೆಂಗಂದು. ಕೈಯಲ್ಲಿ ಮುರಿಯಲು ಹೋದರೆ ಕೈಯೇ ನೋಯುತ್ತದೆ, ಒರಳಲ್ಲಿ ಗುದ್ದಬೇಕು. ನಾಲಿಗೆಗೆ ನೇರ ಖಾರ. ಪುಡಿ ಮಾಡಿದಿರೋ, ಕಣ್ಣಿಗೆ ಈ ವ್ಯತ್ಯಾಸ ಯಾವುದೂ ಸಿಗುವುದಿಲ್ಲ. ನೀರಿನಲ್ಲಿ ಕಲಸಿಟ್ಟರೆ ಕ್ಯಾಸಿಯಾ ಹೆಚ್ಚು ಲೋಳೆ ಬಿಡುತ್ತದೆ ಅನ್ನುವುದು ಬಿಟ್ಟರೆ ಮನೆಯಲ್ಲಿ ಪತ್ತೆ ಹಚ್ಚುವುದು ಕಷ್ಟ.

ಕ್ಯಾಸಿಯಾ ಕಳ್ಳ ಮಾಲು ಅಂತ ನಾನು ಹೇಳುತ್ತಿಲ್ಲ. ಚೀನಾದವರು ಸಾವಿರಾರು ವರ್ಷಗಳಿಂದ ಅದನ್ನು ಅಡುಗೆಗೂ ಔಷಧಕ್ಕೂ ಬಳಸಿದ್ದಾರೆ. ನನ್ನನ್ನು ಕೇಳಿದರೆ, ಎಣ್ಣೆಯಲ್ಲಿ ಸಿಡಿಸುವ ನಮ್ಮ ಅಡುಗೆಗೆ ಕ್ಯಾಸಿಯಾನೇ ಸರಿ. ಸಿಲೋನ್ ಚಕ್ಕೆಯ ನಯವಾದ ವಾಸನೆ ಬೆಳ್ಳುಳ್ಳಿ, ಶುಂಠಿ, ಈರುಳ್ಳಿಯ ಮುಂದೆ ನಿಲ್ಲುವುದಿಲ್ಲ. ನಮ್ಮ ಮನೆಯ ಬಿಸಿಬೇಳೆಬಾತ್ ಪುಡಿಗೂ ಹಾಕುವುದು ಕ್ಯಾಸಿಯಾನೇ. ಪಾಯಸಕ್ಕೆ, ಚಹಾಕ್ಕೆ, ಹಣ್ಣಿನ ರಸಕ್ಕೆ ಸಿಲೋನಿನದು ಹಾಕಿ ನೋಡಿ, ಅದರ ಬೆಲೆ ಆಗ ಗೊತ್ತಾಗುತ್ತದೆ.

ತಕರಾರು ಇರುವುದು ದಿನಾ ಚಮಚಗಟ್ಟಲೆ ಕುಡಿಯುವುದರ ಬಗ್ಗೆ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ವಸ್ತುವಿದೆ. ಒಣಹುಲ್ಲಿನ ಹಾಗೆ ಸಣ್ಣಗೆ ಸಿಹಿವಾಸನೆ ಅದಕ್ಕೆ. ಸಿಲೋನ್ ಚಕ್ಕೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕೆಲವರ ಮೈಗೆ ಇದು ಆಗಿಬರುವುದಿಲ್ಲ, ಹೆಚ್ಚು ಹೋದರೆ ಪಿತ್ತಜನಕಾಂಗ, ಅಂದರೆ ಲಿವರ್, ಊದಿಕೊಳ್ಳುತ್ತದೆ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ಮಿತಿ ಇಟ್ಟಿದೆ. ಮೈತೂಕದ ಒಂದು ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ. ಜರ್ಮನಿಯ ಅಪಾಯ ಅಂದಾಜು ಸಂಸ್ಥೆಯವರು ಒಂದು ಕಿಲೋ ಕ್ಯಾಸಿಯಾದಲ್ಲಿ ಸರಾಸರಿ 3 ಗ್ರಾಂ ಕೂಮರಿನ್ ಎಂದು ಹಿಡಿದು ಲೆಕ್ಕ ಹಾಕಿದ್ದಾರೆ. ತಕ್ಕಡಿ ಹಿಡಿಯುವವನಿಗೆ ಈ ಲೆಕ್ಕ ಕಷ್ಟವಲ್ಲ. 60 ಕಿಲೋ ತೂಗುವ ಮನುಷ್ಯನಿಗೆ ದಿನಕ್ಕೆ 6 ಮಿಲಿಗ್ರಾಂ. ಅಷ್ಟು ಕೂಮರಿನ್ 2 ಗ್ರಾಂ ಕ್ಯಾಸಿಯಾ ಪುಡಿಯಲ್ಲೇ ಇರುತ್ತದೆ. ನಾನು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಚಹಾ ಚಮಚದ ಪುಡಿ ತೂಗಿ ನೋಡಿದೆ. ಮಟ್ಟ ಮಾಡಿದ ಚಮಚಕ್ಕೆ ಎರಡೂವರೆ ಗ್ರಾಂ ಆಸುಪಾಸು. ಗೋಪುರ ಮಾಡಿದರೆ ಇನ್ನೂ ಜಾಸ್ತಿ. ಅಂದರೆ ನೀವು ಹೇಳಿದ ಒಂದು ಚಮಚದಲ್ಲೇ ಮಿತಿ ದಾಟಿತು. ನಲವತ್ತೈದು ಕಿಲೋ ತೂಗುವ ಅಜ್ಜಿಯಾದರೆ ಕೇಳುವುದೇ ಬೇಡ.

ಹೆದರಿಸುವುದು ನನ್ನ ಉದ್ದೇಶವಲ್ಲ. ಒಂದೆರಡು ವಾರ ಮಿತಿ ದಾಟಿದರೆ ಅಪಾಯವಿಲ್ಲ ಎಂದು ಅದೇ ಯೂರೋಪಿನವರು ಹೇಳಿದ್ದಾರೆ. ಪಲಾವಿಗೆ ಬೀಳುವ ಎರಡು ತುಂಡು ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ, ಧೈರ್ಯವಾಗಿ ತಿನ್ನಿ. ಆದರೆ ಸಕ್ಕರೆ ಕಾಯಿಲೆಯವರು ಒಂದು ವಾರಕ್ಕೆ ನಿಲ್ಲಿಸುವವರಲ್ಲ. ಬೆಳಿಗ್ಗೆ ಮಾತ್ರೆ, ಜೊತೆಗೆ ಚಕ್ಕೆ ನೀರು, ಜೊತೆಗೆ ಮೆಂತ್ಯ, ಜೊತೆಗೆ ಹಾಗಲ ರಸ. ವರ್ಷಗಟ್ಟಲೆ ನಡೆಯುತ್ತದೆ. ಬೇರೆ ಮಾತ್ರೆಗಳಿಂದ ಲಿವರ್ ಮೊದಲೇ ದಣಿದಿರುವವರೂ ಅವರಲ್ಲಿರುತ್ತಾರೆ.

ಈ ಚಮಚದ ಮಾತು ಎಲ್ಲಿಂದ ಶುರುವಾಯಿತು ಅಂತ ನನಗೆ ಕುತೂಹಲ. ವೈದ್ಯಕೀಯ ಓದುತ್ತಿರುವ ನನ್ನ ತಂಗಿಯ ಮಗಳನ್ನು ಹಿಡಿದು ಕೂರಿಸಿದೆ. ಅವಳು ಹುಡುಕಿ ಹೇಳಿದ್ದು ಇಷ್ಟು. 2003ರಲ್ಲಿ ಪಾಕಿಸ್ತಾನದಲ್ಲಿ 60 ಮಂದಿ ಸಕ್ಕರೆ ಕಾಯಿಲೆಯವರ ಮೇಲೆ ಒಂದು ಪ್ರಯೋಗ ನಡೆಯಿತು. ಒಂದಷ್ಟು ಜನಕ್ಕೆ ದಿನಕ್ಕೆ 1 ಗ್ರಾಂ, ಕೆಲವರಿಗೆ 3, ಕೆಲವರಿಗೆ 6 ಗ್ರಾಂ ಕೊಟ್ಟರು. ಉಳಿದ ಅರ್ಧ ಜನಕ್ಕೆ ಸುಮ್ನೆ ಹಿಟ್ಟಿನ ಗುಳಿಗೆ. 40 ದಿನ ಆದ ಮೇಲೆ ಚಕ್ಕೆ ತಿಂದವರ ಖಾಲಿ ಹೊಟ್ಟೆಯ ಸಕ್ಕರೆ ಶೇ 18ರಿಂದ 29ರಷ್ಟು ಇಳಿದಿತ್ತು. ಅಲ್ಲಿಂದ ಲೋಕವೆಲ್ಲ ದಾಲ್ಚಿನ್ನಿ ದಾಲ್ಚಿನ್ನಿ ಅನ್ನತೊಡಗಿತು. ಆದರೆ ಅವರು ಕೊಟ್ಟಿದ್ದು ಕ್ಯಾಸಿಯಾ. ಕೊಟ್ಟಿದ್ದೂ 40 ದಿನ ಮಾತ್ರ. ಆಮೇಲೆ ಬೇರೆ ಬೇರೆ ಕಡೆ ಪ್ರಯೋಗ ಮಾಡಿದಾಗ ಕೆಲವು ಕಡೆ ಇಳಿಯಿತು, ಕೆಲವು ಕಡೆ ಇಳಿಯಲಿಲ್ಲ. 2012ರಲ್ಲಿ ಕಾಕ್ರೇನ್ ಎಂಬ ಸಂಸ್ಥೆಯವರು ಹತ್ತು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ, ಸಕ್ಕರೆ ಕಾಯಿಲೆಗೆ ಇದನ್ನು ಹೇಳುವಷ್ಟು ಆಧಾರ ಸಾಲದು ಎಂದರು. ಇದನ್ನೂ ನಿಮ್ಮ ಪುಟದಲ್ಲಿ ಬರೆಯಬಹುದಿತ್ತು. ಎರಡು ಸಾಲು ಸಾಕು.

ನಮ್ಮ ಆಯುರ್ವೇದದಲ್ಲಿ ಇಲ್ಲವೇ ಅಂತ ಕೇಳುವವರಿದ್ದಾರೆ. ಖಂಡಿತ ಇದೆ. ಆದರೆ ಅಲ್ಲಿಯ ಅಳತೆ ನೋಡಿ. ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣ ನನ್ನ ಅಂಗಡಿಯ ಪಕ್ಕದ ಗ್ರಂಧಿಗೆ ಅಂಗಡಿಯಲ್ಲಿ ಈಗಲೂ ಮಾರಾಟವಾಗುತ್ತದೆ. ಕಲ್ಲುಸಕ್ಕರೆ ಹದಿನಾರು ಪಾಲು, ವಂಶಲೋಚನ ಎಂಟು, ಹಿಪ್ಪಲಿ ನಾಲ್ಕು, ಏಲಕ್ಕಿ ಎರಡು. ದಾಲ್ಚಿನ್ನಿ? ಒಂದೇ ಪಾಲು. ಮೂವತ್ತೊಂದರಲ್ಲಿ ಒಂದು. ಹಳಬರು ಚಕ್ಕೆಯನ್ನು ಏಲಕ್ಕಿ, ಪಲಾವ್ ಎಲೆಯ ಜೊತೆಗೆ ಸೇರಿಸಿ ಔಷಧಿಗೆ ವಾಸನೆಯನ್ನೂ ಕಾವನ್ನೂ ಕೊಡಲು ಬಳಸಿದರೇ ಹೊರತು ಚಮಚದಲ್ಲಿ ಮೊಗೆದು ಕುಡಿಸಲಿಲ್ಲ.

ಈಗ ಕಾನೂನಿನ ಮಾತು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳು 2011ರಲ್ಲಿ ಬಂದವು. ಅದರಲ್ಲಿ ಈ ಎರಡು ಚಕ್ಕೆಗೂ ಬೇರೆ ಬೇರೆ ಮಾನದಂಡ ಇದೆ. ಒಂದು ದಾಲ್ಚಿನ್ನಿ, ಸಿಲೋನ್ ಜಾತಿಯ ಮರದ್ದು. ಇನ್ನೊಂದು ಕ್ಯಾಸಿಯಾ, ಅದನ್ನು ತಾಜ್ ಎಂದು ಕರೆದಿದ್ದಾರೆ. ಅಂದರೆ ಹೊಸ ಕಾನೂನು ಮಾಡಿ ಅಂತ ನಾನು ಕೇಳಬೇಕಾಗಿಯೇ ಇಲ್ಲ. ಇದ್ದದ್ದನ್ನು ಪೊಟ್ಟಣದ ಮೇಲೆ ತಂದರೆ ಸಾಕು. ಎಣ್ಣೆ ಡಬ್ಬಿಯ ಮೇಲೆ ಕಡಲೆಕಾಯಿ ಎಣ್ಣೆಯೋ ಸೂರ್ಯಕಾಂತಿ ಎಣ್ಣೆಯೋ ಎಂದು ಬರೆಯದೆ ಬರೀ 'ಎಣ್ಣೆ' ಎಂದು ಬರೆದರೆ ಸುಮ್ಮನಿರುತ್ತೇವೆಯೇ?

ನಮ್ಮಲ್ಲಿಗೂ ಅಧಿಕಾರಿಗಳು ಬರುತ್ತಾರೆ. ಎಕ್ಸ್‌ಪೈರಿ ನೋಡುತ್ತಾರೆ, ಲೈಸೆನ್ಸ್ ನೋಡುತ್ತಾರೆ, ಬೇಳೆಗೆ ಬಣ್ಣ ಹಾಕಿದ್ದಾರಾ ಅಂತ ಉಜ್ಜಿ ನೋಡುತ್ತಾರೆ. ಅದೆಲ್ಲ ಬೇಕಾದದ್ದೇ. ಒಮ್ಮೆ ಬಂದವರ ಮುಂದೆ ನಾನೇ ಎರಡು ಡಬ್ಬಿ ಇಟ್ಟೆ. ಒಂದರಲ್ಲಿ ವಿಯೆಟ್ನಾಂ ಮಾಲು, ಒಂದರಲ್ಲಿ ನಮ್ಮ ಭಾವನ ತೋಟದ ಚಕ್ಕೆ.

"ಇವೆರಡಕ್ಕೂ ಬೇರೆ ಬೇರೆ ಹೆಸರು ಹಾಕಬೇಕಲ್ವಾ ಸಾರ್?" ಅಂದೆ.

ಅವರು ಎರಡನ್ನೂ ಮೂಸಿ ನೋಡಿದರು. "ಎರಡೂ ಚಕ್ಕೆನೇ ಅಲ್ಲವೇನ್ರೀ. ಲೂಸ್ ಮಾರೋದಕ್ಕೆ ನಿಮಗ್ಯಾಕೆ ಇಷ್ಟೊಂದು ತಲೆಬಿಸಿ?" ಅಂದರು. ಒಳ್ಳೆಯ ಮನುಷ್ಯ. ಚಹಾ ಕುಡಿದು ಹೋದರು.

ನಾನು ಎರಡು ಡಬ್ಬಿಗೂ ಚೀಟಿ ಅಂಟಿಸಿದೆ. ಒಂದಕ್ಕೆ 'ಕ್ಯಾಸಿಯಾ ಚಕ್ಕೆ, ಅಡುಗೆಗೆ', ಇನ್ನೊಂದಕ್ಕೆ 'ದಾಲ್ಚಿನ್ನಿ, ಸಿಲೋನ್ ಜಾತಿ'. ಎರಡನೆಯದರ ಬೆಲೆ ಮೊದಲಿನದರ ಎರಡು ಮೂರು ಪಟ್ಟು. ಗಿರಾಕಿಗಳು ಓಡಿಹೋಗುತ್ತಾರೆ ಅಂತ ಪಕ್ಕದ ಅಂಗಡಿಯವರು ಹೆದರಿಸಿದರು. ಯಾರೂ ಓಡಿಹೋಗಲಿಲ್ಲ. ಬಹಳ ಜನ ಚೀಟಿ ಓದಿ, ಏನಿದು ಅಂತ ಕೇಳಿ, ಕ್ಯಾಸಿಯಾನೇ ಒಯ್ಯುತ್ತಾರೆ. ಒಯ್ಯಲಿ. ನಿವೃತ್ತ ಮೇಷ್ಟ್ರೊಬ್ಬರು ದಿನಾ ಚಕ್ಕೆ ನೀರು ಕುಡಿಯುವವರು. ಅವರಿಗೆ ಕೂಮರಿನ್ ಲೆಕ್ಕ ಹೇಳಿದೆ. "ಹಾಗಾದ್ರೆ ಅಷ್ಟು ದಿನದಿಂದ ನೀನು ನನಗೆ ಕೊಡ್ತಾ ಇದ್ದದ್ದು ಏನಪ್ಪಾ?" ಅಂತ ರೇಗಿದರು. "ನೀವು ಚಕ್ಕೆ ಅಂತ ಕೇಳಿದ್ರಿ, ಚಕ್ಕೆ ಕೊಟ್ಟೆ ಮೇಷ್ಟ್ರೇ. ಔಷಧಿಗೆ ಅಂತ ಹೇಳಲೇ ಇಲ್ಲವಲ್ಲ" ಅಂದೆ. ಈಗ ಡಾಕ್ಟರನ್ನು ಕೇಳಿ ಬಂದು ಸಿಲೋನಿನದು ಒಯ್ಯುತ್ತಾರೆ. ಅದೂ ಒಂದು ಸಣ್ಣ ಚೂರು, ಚಹಾಕ್ಕೆ.

ಪುಡಿಯ ವಿಷಯ ಇನ್ನೊಂದಿದೆ. 2023ರ ಕೊನೆಯಲ್ಲಿ ಅಮೆರಿಕದಲ್ಲಿ ಪುಟ್ಟ ಮಕ್ಕಳು ತಿನ್ನುವ ಸೇಬಿನ ಗೊಜ್ಜಿನ ಪೊಟ್ಟಣಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಯಬೇಕಾಯಿತು. ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿತ್ತು. ಹುಡುಕುತ್ತಾ ಹೋದರೆ ಅದಕ್ಕೆ ಹಾಕಿದ ದಾಲ್ಚಿನ್ನಿ ಪುಡಿಯಲ್ಲಿ ಸೀಸ. ಜೊತೆಗೆ ಕ್ರೋಮಿಯಂ ಕೂಡ ಇತ್ತು. ಹಳದಿ ಬಣ್ಣದ ಸೀಸದ ಕ್ರೋಮೇಟನ್ನು ಬೇಕೆಂದೇ ಬೆರೆಸಿರಬಹುದು ಎಂಬ ಅನುಮಾನ ಬಂದದ್ದು ಅದರಿಂದಲೇ. ಮಾಲಿಗೆ ಬಣ್ಣ, ತೂಕ ಬರಲಿ ಎಂದು ಇಂಥ ಕೆಲಸ ಮಾಡುವವರಿದ್ದಾರೆ. ಅಂಥದ್ದು ಇಲ್ಲೂ ಇದೆ ಅಂತ ನಾನು ಹೇಳಲಾರೆ. ಆದರೆ ನಮ್ಮ ಮನೆಗೆ ಪುಡಿ ತರುವುದಿಲ್ಲ. ಇಡೀ ಚಕ್ಕೆ ತಂದು, ಬಿಸಿಲಿಗಿಟ್ಟು, ಬೇಕಾದಾಗ ಮಿಕ್ಸಿಗೆ ಹಾಕುತ್ತೇವೆ. ಗಿರಾಕಿಗಳಿಗೂ ಅದನ್ನೇ ಹೇಳುತ್ತೇನೆ. ಪುಡಿಯಲ್ಲಿ ನನಗೆ ಲಾಭ ಜಾಸ್ತಿ ಇದ್ದರೂ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಓದುಗರು ಕೇಳಬಹುದು. ಪಶ್ಚಿಮ ಘಟ್ಟದಲ್ಲೇ ದಾಲ್ಚಿನ್ನಿ ಬೆಳೆಯುತ್ತದಲ್ಲ, ಸಾಗರದಲ್ಲಿ ಕೂತವನು ವಿಯೆಟ್ನಾಂ ಮಾಲು ಯಾಕೆ ಮಾರಬೇಕು? ಸರಿಯಾದ ಪ್ರಶ್ನೆ. ನಮ್ಮ ಕಾಡಿನಲ್ಲಿ ದಾಲ್ಚಿನ್ನಿಯ ಕಾಡುಜಾತಿಗಳು ಹಲವು ಇವೆ. ಬೇಣದಲ್ಲಿ, ಸೊಪ್ಪಿನಬೆಟ್ಟದಲ್ಲಿ, ತೋಟದ ಅಂಚಿನಲ್ಲಿ ಹಕ್ಕಿ ಹಿಕ್ಕೆಯಿಂದ ಹುಟ್ಟಿದ ಮರಗಳು ಬೇಕಾದಷ್ಟು. ಎಲೆ ನೋಡಿದರೆ ಸಾಕು, ತೊಟ್ಟಿನ ಹತ್ತಿರದಿಂದ ಮೂರು ನರ ಉದ್ದಕ್ಕೆ ಓಡಿರುತ್ತವೆ. ಚಿಗುರು ಕೆಂಪಗೆ, ದೂರದಿಂದ ಹೂ ಬಿಟ್ಟಂತೆ ಕಾಣುತ್ತದೆ. ಜನ ಎಲೆ ಕೊಯ್ದು ಪಲಾವಿಗೂ ಕಷಾಯಕ್ಕೂ ಬಳಸುತ್ತಾರೆ. ಕೇರಳದ ಕಡೆ ಇಂಥ ಎಲೆಯಲ್ಲಿ ಹಲಸಿನ ಹಣ್ಣಿನ ಕಡುಬು ಬೇಯಿಸುತ್ತಾರೆ. ಆದರೆ ಕಾಡುಜಾತಿಯ ತೊಗಟೆಯಲ್ಲಿ ಸಿಲೋನಿನ ಘಮ ಇಲ್ಲ. ಮೇಲಾಗಿ, ಕಾಡಿನಲ್ಲಿ ನಿಂತ ಮರದ ತೊಗಟೆಯನ್ನು ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ತೊಗಟೆಯ ಒಳಪದರವೇ. ಅದನ್ನು ತೆಗೆದರೆ ಬೇರು ಉಪವಾಸ. ಅಗರಬತ್ತಿಯ ಅಂಟಿಗೆ ಅಂತ ಗುಳಮಾವಿನ ತೊಗಟೆ ಸುಲಿದು ಎಷ್ಟು ಮರ ಒಣಗಿದವು ಎಂದು ಘಟ್ಟದವರಿಗೆ ಗೊತ್ತು. ಗುಳಮಾವೂ ದಾಲ್ಚಿನ್ನಿಯ ಕುಟುಂಬದ್ದೇ. ಆದ್ದರಿಂದ ಕಾಡಿನ ಚಕ್ಕೆ ಯಾರಾದರೂ ತಂದರೆ ನಾನು ಕೊಳ್ಳುವುದಿಲ್ಲ.

ಬೆಳೆಸುವ ದಾಲ್ಚಿನ್ನಿಯ ಕತೆ ಬೇರೆ. ಅಲ್ಲಿ ಮರ ಸಾಯುವುದಿಲ್ಲ. ಸಿಲೋನಿನಲ್ಲಿ ಮೊದಲು ಪೋರ್ಚುಗೀಸರು, ಆಮೇಲೆ ಡಚ್ಚರು ಚಕ್ಕೆಗಾಗಿ ಹೊಡೆದಾಡಿದಾಗ ಮಾಲು ಬರುತ್ತಿದ್ದದ್ದು ಕಾಡಿನಿಂದ. 18ನೇ ಶತಮಾನದಲ್ಲಿ ಡಚ್ಚರು ಕೊಲಂಬೊ ಹತ್ತಿರ ತೋಟ ಹಾಕಿಸಿದರು. ಅದೇ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯವರು ನಮ್ಮ ಪಕ್ಕದ ಕಣ್ಣೂರಿನ ಅಂಜರಕಂಡಿಯಲ್ಲಿ ಮಸಾಲೆ ತೋಟ ಶುರು ಮಾಡಿದರು. ಅಲ್ಲಿ ದಾಲ್ಚಿನ್ನಿ ಚೆನ್ನಾಗಿ ಬಂತು. ಅಂದರೆ ಈ ಕರಾವಳಿ, ಈ ಮಳೆ ಅದಕ್ಕೆ ಒಗ್ಗುತ್ತದೆ ಎಂದು ಇನ್ನೂರು ವರ್ಷಗಳ ಹಿಂದೆಯೇ ಗೊತ್ತಾಗಿದೆ. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ನವಶ್ರೀ, ನಿತ್ಯಶ್ರೀ ಎಂಬ ಒಳ್ಳೆಯ ತಳಿಗಳನ್ನು ಕೊಟ್ಟಿದ್ದಾರೆ. ಮಹಾರಾಷ್ಟ್ರದ ದಾಪೋಲಿ ಕೃಷಿ ವಿಶ್ವವಿದ್ಯಾಲಯದವರ ಕೊಂಕಣ ತೇಜ್ ತಳಿ ಇದೆ. ಗಿಡಕ್ಕೆ ಬರವಿಲ್ಲ. ಬರ ಇರುವುದು ಸುಲಿಯುವ ಕೈಗೆ.

ನನ್ನ ಭಾವ ಅಡಿಕೆ ತೋಟದ ಅಂಚಿಗೆ, ಗುಡ್ಡದ ಇಳಿಜಾರಿನಲ್ಲಿ ಒಂದಷ್ಟು ಗಿಡ ಹಾಕಿದ್ದಾರೆ. ಎರಡನೇ ವರ್ಷ ಗಿಡವನ್ನು ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿದರು. ನೋಡಿದ ಊರವರೆಲ್ಲ, ಇವರಿಗೇನು ಬಂತು ಅಂದುಕೊಂಡರು. ಆ ಮೊಂಡಿನಿಂದ ನಾಲ್ಕೈದು ಕೋಲು ನೇರವಾಗಿ ಎದ್ದವು. ಅವನ್ನು ಸುಮಾರು ಎರಡು ವರ್ಷ ಬೆಳೆಯಲು ಬಿಟ್ಟು, ಹೆಬ್ಬೆರಳು ಗಾತ್ರ ಆದಾಗ ಕಡಿಯುತ್ತಾರೆ. ಮತ್ತೆ ಚಿಗುರುತ್ತದೆ. ಹೀಗೆ ದಶಕಗಟ್ಟಲೆ.

ಕಡಿಯುವುದಕ್ಕೆ ಕಾಲ ಇದೆ. ಮಳೆ ಹಿಡಿದು, ಗಿಡದಲ್ಲಿ ರಸ ಏರಿ, ಕೆಂಪು ಚಿಗುರು ಹಸಿರಿಗೆ ತಿರುಗಿದಾಗ ತೊಗಟೆ ಬಿಡುತ್ತದೆ. ಭಾವ ಮೊದಲು ಒಂದು ಕೋಲಿಗೆ ಕತ್ತಿಯಲ್ಲಿ ಗೀರು ಹಾಕಿ ತೊಗಟೆ ಎಬ್ಬಿಸಿ ನೋಡುತ್ತಾರೆ. ಸಲೀಸಾಗಿ ಎದ್ದರೆ ಸರಿ, ಅಂಟಿಕೊಂಡರೆ ಆ ದಿನ ಕೆಲಸವಿಲ್ಲ. ಬೆಳಿಗ್ಗೆ ಕಡಿದ ಕೋಲನ್ನು ಅಂದೇ ಸುಲಿಯಬೇಕು, ಒಣಗಿದರೆ ಕಟ್ಟಿಗೆ. ಜಗುಲಿಯಲ್ಲಿ ಕೂತು, ಮೇಲಿನ ಒರಟು ಸಿಪ್ಪೆಯನ್ನು ಬಾಗಿದ ಚೂರಿಯಲ್ಲಿ ಹೆರೆಯುತ್ತಾರೆ. ಕೆಳಗೆ ಹಸಿರು ಮಿಶ್ರಿತ ಹಳದಿ ತೊಗಟೆ ಕಾಣುತ್ತದೆ. ಅದರ ಮೇಲೆ ಹಿತ್ತಾಳೆ ಸರಳಿನಿಂದ ಒತ್ತಿ ಒತ್ತಿ ಉಜ್ಜುತ್ತಾರೆ. ಹಿತ್ತಾಳೆನೇ ಯಾಕೆ ಅಂದರೆ ಕಬ್ಬಿಣಕ್ಕೆ ತೊಗಟೆ ಕಪ್ಪಾಗುತ್ತದೆ. ಉಜ್ಜಿದ ಮೇಲೆ ಒಂದು ಅಡಿ ಅಂತರದಲ್ಲಿ ಎರಡು ಉಂಗುರ ಗೀರು, ಉದ್ದಕ್ಕೆ ಎದುರು ಬದುರು ಎರಡು ಗೀರು. ಚೂರಿಯ ಮೊಂಡು ತುದಿ ತೂರಿಸಿ ಮೆಲ್ಲಗೆ ಎಬ್ಬಿಸಿದರೆ ತೊಗಟೆ ಎರಡು ದೋಣಿಯಾಗಿ ಕೈಗೆ ಬರುತ್ತದೆ. ಒಳಮೈ ನುಣುಪು, ಒದ್ದೆ. ಮನೆಯೆಲ್ಲ ಘಮಘಮ.

ಅದನ್ನು ನೆರಳಲ್ಲಿ ಹರಡಿದರೆ ತಾನಾಗಿ ಒಳಕ್ಕೆ ಸುರುಳಿಯಾಗುತ್ತದೆ. ಒಂದರೊಳಗೊಂದು ತೂರಿಸಿ, ಪೊಳ್ಳಿಗೆ ಸಣ್ಣ ಚೂರು ತುಂಬಿ, ಮತ್ತೆ ನೆರಳಲ್ಲೇ ಒಣಗಿಸಬೇಕು. ದಿನಕ್ಕೊಮ್ಮೆ ಅಂಗೈಯಲ್ಲಿ ಉರುಳಿಸಿ ಬಿಗಿ ಮಾಡಬೇಕು. ಶ್ರೀಲಂಕಾದಲ್ಲಿ ಇದನ್ನೇ ತಲೆತಲಾಂತರದಿಂದ ಮಾಡುವವರಿದ್ದಾರೆ. ಅವರು ಬೆರಳಿಗಿಂತ ಸಣ್ಣ, 6 ಮಿಲಿಮೀಟರ್ ಒಳಗಿನ ಸುರುಳಿ ಮಾಡುತ್ತಾರೆ. ಅದಕ್ಕೆ ಆಲ್ಬಾ ಎಂದು ಹೆಸರು, ಅದೇ ಎಲ್ಲಕ್ಕಿಂತ ದುಬಾರಿ. 2022ರಲ್ಲಿ ಯೂರೋಪಿನವರು ಸಿಲೋನ್ ದಾಲ್ಚಿನ್ನಿಗೆ ಭೌಗೋಳಿಕ ಗುರುತಿನ ರಕ್ಷಣೆ ಕೊಟ್ಟರು. ಬೇರೆ ಮಾಲನ್ನು ಅಲ್ಲಿ ಆ ಹೆಸರಿನಲ್ಲಿ ಮಾರುವಂತಿಲ್ಲ. ಹೆಸರು ಸರಿಯಾಗಿ ಬರೆದರೆ ಬೆಳೆಗಾರನಿಗೆ ಬೆಲೆ ಹೇಗೆ ಸಿಗುತ್ತದೆ ಅನ್ನುವುದಕ್ಕೆ ಆ ಸಣ್ಣ ದೇಶವೇ ಸಾಕ್ಷಿ.

ಭಾವನ ಚಕ್ಕೆ ಆಲ್ಬಾ ಅಲ್ಲ. ಸ್ವಲ್ಪ ದಪ್ಪ, ಸುರುಳಿ ಸಡಿಲ. ಆದರೆ ವಾಸನೆಗೆ ಏನೂ ಕಡಿಮೆ ಇಲ್ಲ. ಎಲೆಯೂ ವ್ಯರ್ಥವಲ್ಲ. ಎಲೆ ಹಿಸುಕಿ ಮೂಸಿದರೆ ಚಕ್ಕೆಯ ವಾಸನೆಯೇ ಬರುವುದಿಲ್ಲ, ಲವಂಗದ ವಾಸನೆ ಬರುತ್ತದೆ. ಎಲೆಯ ಎಣ್ಣೆಯಲ್ಲಿ ಲವಂಗದಲ್ಲಿರುವ ಯೂಜಿನಾಲೇ ಹೆಚ್ಚು. ಬೇರಿನ ತೊಗಟೆ ಕೆರೆದರೆ ಕರ್ಪೂರ. ಒಂದೇ ಗಿಡದಲ್ಲಿ ಮೂರು ಅಂಗಡಿ ಅಂತ ಭಾವ ನಗುತ್ತಾರೆ. ನಗು ಅಷ್ಟಕ್ಕೇ ನಿಲ್ಲುತ್ತದೆ. ಯಾಕೆಂದರೆ ಚೆನ್ನಾಗಿ ಬಂದ ತೋಟದಲ್ಲೂ ಹೆಕ್ಟೇರಿಗೆ ವರ್ಷಕ್ಕೆ ಸಿಗುವ ಒಣ ಚಕ್ಕೆ 200ರಿಂದ 300 ಕಿಲೋ. ಅದರ ಅಸಲೆಲ್ಲ ಕೂಲಿಯಲ್ಲಿದೆ. ಸುಲಿಯಲು ಬರುವ ಆಳು ಸಿಕ್ಕಿದರೆ ಲಾಭ, ಸಿಗದಿದ್ದರೆ ಕೋಲು ಒಲೆಗೆ. ಅಡಿಕೆ ಸುಲಿಯುವ ಹೆಂಗಸರಿಗೆ ಕೈಚಳಕ ಕಲಿಸಬೇಕಾಗಿಲ್ಲ, ಅವರ ಕೈ ಮೊದಲೇ ಪಳಗಿದೆ. ಭಾವನ ಮನೆಯಲ್ಲಿ ಇಬ್ಬರು ನೋಡಿ ನೋಡಿಯೇ ಕಲಿತರು. ಆದರೆ ಅಷ್ಟು ಕಷ್ಟಪಟ್ಟು ಮಾಡಿದ ಮಾಲನ್ನು ಪೇಟೆಗೆ ತಂದರೆ, "ವಿಯೆಟ್ನಾಂ ಚಕ್ಕೆ ರೇಟಿಗೆ ಕೊಡ್ತೀರಾ?" ಅಂತ ಕೇಳುತ್ತಾರೆ. ಪೊಟ್ಟಣದ ಮೇಲೆ ಎರಡೂ ದಾಲ್ಚಿನ್ನಿಯೇ ಆಗಿರುವಾಗ ಅವರನ್ನು ದೂರಿ ಏನು ಪ್ರಯೋಜನ? ಅಕ್ಕಪಕ್ಕದವರು ಇದನ್ನು ನೋಡಿ ಗಿಡ ಹಾಕುವ ಯೋಚನೆ ಬಿಟ್ಟರು.

ಹೆಸರು ಬರೆಯುವುದರಿಂದ ನಮಗೆ, ಅಂದರೆ ಸಣ್ಣ ವ್ಯಾಪಾರಿಗಳಿಗೆ, ತೊಂದರೆ ಅಂತ ನಮ್ಮ ವರ್ತಕರಲ್ಲಿ ಕೆಲವರು ವಾದಿಸುತ್ತಾರೆ. ಲೂಸ್ ಮಾಲಿಗೆ ಎಲ್ಲಿ ಬರೆಯುವುದು ಅನ್ನುತ್ತಾರೆ. ನಾನು ಬರೆದಿದ್ದೇನೆ. ಒಂದು ಸ್ಕೆಚ್ ಪೆನ್, ಒಂದು ತುಂಡು ರಟ್ಟು. ಪೊಟ್ಟಣ ಕಟ್ಟುವ ದೊಡ್ಡವರಿಗಂತೂ ಇನ್ನೂ ಸುಲಭ, ಅಚ್ಚಿನ ಮೊಳೆಯಲ್ಲಿ ಒಂದು ಪದ ಬದಲಾಯಿಸಿದರೆ ಆಯಿತು. ಪೆಟ್ಟಿಯ ಮೇಲೆ ಇದ್ದ ಪದವೇ ಅದು. ಆಹಾರ ಸುರಕ್ಷತಾ ಅಧಿಕಾರಿಗಳು ಮಾದರಿ ಒಯ್ಯುವಾಗ ಚಕ್ಕೆ ಪುಡಿಯನ್ನೂ ಪಟ್ಟಿಯಲ್ಲಿ ಸೇರಿಸಿಕೊಂಡು, ಕೂಮರಿನ್ ಎಷ್ಟು, ಸೀಸ ಎಷ್ಟು ಎಂದು ನೋಡಲಿ. ನೀವೂ ನಿಮ್ಮ ಆರೋಗ್ಯ ಪುಟದಲ್ಲಿ ಯಾವ ಚಕ್ಕೆ, ಎಷ್ಟು, ಎಷ್ಟು ದಿನ ಎಂಬುದನ್ನು ಒಬ್ಬ ಡಾಕ್ಟರ್ ಕೈಯಲ್ಲಿ ಬರೆಸಿ. ಲಿವರ್ ತೊಂದರೆ ಇರುವವರು, ಬೇರೆ ಔಷಧಿ ತೆಗೆದುಕೊಳ್ಳುವವರು ಕೇಳದೆ ಕುಡಿಯಬಾರದು ಎಂಬ ಒಂದು ಸಾಲು ಮರೆಯಬೇಡಿ.

ತೋಟಗಾರಿಕೆ ಇಲಾಖೆಗೂ ಒಂದು ಮಾತಿದೆ. ಗಿಡಕ್ಕೆ ಸಬ್ಸಿಡಿ ಕೊಡುವ ಜೊತೆಗೆ ಸುಲಿಯುವ ತರಬೇತಿಯನ್ನೂ ಇಡಿ, ಒಂದು ಬಾಗಿದ ಚೂರಿ, ಒಂದು ಹಿತ್ತಾಳೆ ಸರಳು ಕೈಗೆ ಕೊಡಿ. ಕಲಿಸುವವರನ್ನು ಕಣ್ಣೂರು, ಕೋಯಿಕ್ಕೋಡಿನಿಂದ ಕರೆಸಬಹುದು, ದೂರವೇನಲ್ಲ. ಆದರೆ ದಯವಿಟ್ಟು ಮಳೆಗಾಲದಲ್ಲಿ ಇಡಿ. ಭಾವನ ಊರಲ್ಲಿ ಒಂದು ಸಲ ಇಂಥ ತರಬೇತಿ ನಡೆದಿತ್ತು. ಶಾಮಿಯಾನ, ಬ್ಯಾನರು, ಊಟ ಎಲ್ಲ ಇತ್ತು. ಅನುದಾನ ಮುಗಿಸಬೇಕಿತ್ತೇನೋ, ಮಾರ್ಚ್ ಕೊನೆಯ ವಾರದಲ್ಲಿ ಇಟ್ಟಿದ್ದರು. ಆ ಬಿಸಿಲಲ್ಲಿ ಕಡಿದ ಕೋಲಿನಿಂದ ಒಂದಿಂಚು ತೊಗಟೆಯೂ ಎದ್ದು ಬರಲಿಲ್ಲ.

ಇತಿ,
ಒಬ್ಬ ದಿನಸಿ ವ್ಯಾಪಾರಿ
ಸಾಗರ, ಶಿವಮೊಗ್ಗ ಜಿಲ್ಲೆ